ಎಐ ಏಜೆಂಟ್‌ನ ಟೂಲ್‌ಗೆ ಉದ್ದನೆ ವಿವರಣೆ ಬೇಕಾ?

ಪರ: ಬರೆಯಿರಿ, ಜಿಪುಣತನ ಬೇಡ

"ಟಮೋಟ ಇವತ್ತು ಎಷ್ಟು ಹೋಯ್ತಂತೆ, ಕೇಳು ನಿನ್ ಏಜೆಂಟ್‌ನ" ಅಂದರು ಮಾವ. ಮಂಡಿ ಏಜೆಂಟ್ ಅಲ್ಲ, ನನ್ನ ಎಐ ಏಜೆಂಟ್: ಪ್ರಶ್ನೆ ಕೇಳಿದರೆ ಟೂಲ್ ಅನ್ನುವ ಸಣ್ಣ ಪ್ರೋಗ್ರಾಂ ಕರೆದು ಉತ್ತರ ತರುವ ಸಹಾಯಕ. ಕೇಳಿದೆ. "ಬಾಕ್ಸ್‌ಗೆ 2,000 ರೂಪಾಯಿ" ಎಂದು ಉತ್ತರ ಬಂತು. ಮಾವ ನನ್ನ ಮುಖ ನೋಡಿದರು, ಆಮೇಲೆ ಜೋರಾಗಿ ನಕ್ಕರು. ಕೋಲಾರದ ಮಂಡಿಯಲ್ಲಿ ಬಾಕ್ಸ್ ಎಂದರೆ 15 ಕೆಜಿ. 2023ರ ಜುಲೈನಲ್ಲಿ ಬಾಕ್ಸ್ 2,000 ದಾಟಿದ್ದು ನಿಜ, ಆದರೆ ಅಂಥ ಕಾಲ ದಿನಾ ಬರುತ್ತದಾ? ಅವತ್ತು ಮಾವನ ಮಾಲು ಹೋಗಿದ್ದು 300ಕ್ಕೆ. ಸರ್ಕಾರದ ದರಪಟ್ಟಿ ಕ್ವಿಂಟಾಲ್ ಲೆಕ್ಕದಲ್ಲಿರುತ್ತದೆ, ಮಾವನ ಬಾಯಲ್ಲಿ ಬರೋದು ಬಾಕ್ಸ್ ಲೆಕ್ಕ, ನಡುವೆ ಕೂತ ಮಾಡೆಲ್‌ಗೆ, ಅಂದರೆ ಏಜೆಂಟ್‌ನ ತಲೆಯಾದ ಎಐಗೆ, ಟೂಲ್ ಬಗ್ಗೆ ನಾನು ಹೇಳಿದ್ದು ಒಂದೇ ಸಾಲು: "ದರ ಕೊಡುತ್ತದೆ."

ಹಾಗಾಗಿ ತಪ್ಪು ನನ್ನದೇ. ಮಾಡೆಲ್ ನಮ್ಮ ಕೋಡ್ ಓದುವುದಿಲ್ಲ. ಅದಕ್ಕೆ ಕಾಣುವುದು ಟೂಲ್‌ನ ಹೆಸರು, ಅದರ ವಿವರಣೆ, ಏನೇನು ತುಂಬಿ ಕಳಿಸಬೇಕು ಅನ್ನುವ ಪಟ್ಟಿ. ಅಷ್ಟೇ. ಓಪನ್‌ಎಐ ಕಂಪನಿ 2023ರ ಜೂನ್‌ನಲ್ಲಿ ಫಂಕ್ಷನ್ ಕಾಲಿಂಗ್ (ಮಾಡೆಲ್ ಟೂಲ್ ಕರೆಯುವ ವ್ಯವಸ್ಥೆ) ತಂದಾಗಲೂ ಹೀಗೇ ಇತ್ತು, 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ಎಂಸಿಪಿ (ಟೂಲ್‌ಗಳನ್ನು ಎಐಗೆ ಜೋಡಿಸುವ ಸಾಮಾನ್ಯ ವಿಧಾನ) ಬಿಟ್ಟ ಮೇಲೂ ಹೀಗೇ ಇದೆ. ಟೂಲ್‌ಗೆ ಮೂರು-ನಾಲ್ಕು ವಾಕ್ಯವಾದರೂ ಬರೆಯಿರಿ ಅಂತ ಆಂಥ್ರೋಪಿಕ್‌ನವರ ಕೈಪಿಡಿಯಲ್ಲೇ ಇದೆ. ನಾನು ಓದಿರಲಿಲ್ಲ, ಮಾವ ನಕ್ಕ ಮೇಲೆ ಓದಿದೆ.

ಆಮೇಲೆ ಬರೆದದ್ದು ಇದು:

"ಒಂದು ಮಾರುಕಟ್ಟೆಯ ಒಂದು ದಿನದ ಟೊಮೆಟೊ ದರ ಕೊಡುತ್ತದೆ. ದರ ಕ್ವಿಂಟಾಲ್‌ಗೆ, ಅಂದರೆ 100 ಕೆಜಿಗೆ. ಬಾಕ್ಸ್ ದರ ಬೇಕಿದ್ದರೆ 100ರಿಂದ ಭಾಗಿಸಿ 15ರಿಂದ ಗುಣಿಸು. ದಿನಾಂಕ ಕೊಡದಿದ್ದರೆ ಕೊನೆಗೆ ದಾಖಲಾದ ದಿನದ ದರ ಬರುತ್ತದೆ, ಅದು ಇವತ್ತಿನದೇ ಆಗಿರಬೇಕಿಲ್ಲ. ನಾಳೆಯ ದರ ಊಹಿಸಲು ಇದನ್ನು ಬಳಸಬೇಡ. ಉತ್ತರ ಖಾಲಿ ಬಂದರೆ ದರ ಸೊನ್ನೆ ಎಂದಲ್ಲ, ದಾಖಲೆ ಇಲ್ಲ ಎಂದು."

ಕೊನೆಯ ಸಾಲು ಸುಮ್ನೆ ಬರೆದದ್ದಲ್ಲ. ಒಂದು ಭಾನುವಾರ ಏಜೆಂಟ್ "ಇಂದು ಟೊಮೆಟೊ ಬೆಲೆ 0" ಎಂದಿತ್ತು. ಬೆಲೆ ಬಿದ್ದಾಗ ಮಾಲನ್ನು ರಸ್ತೆ ಬದಿ ಸುರಿದು ಬಂದವರು ನಮ್ಮ ಕಡೆ ಎಷ್ಟು ಜನ ಇದ್ದಾರೋ, ಪಕ್ಕದ ತೋಟದವರು ಅದನ್ನೂ ಅರ್ಧ ನಂಬಿಬಿಟ್ಟರು.

ಈ ಆರು ವಾಕ್ಯ ಬರೆಯೋಕೆ ಹತ್ತು ನಿಮಿಷ ಸಾಕಾಯಿತು. ಆಮೇಲೆ ಬಾಕ್ಸ್ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ. ತಪ್ಪಿದ್ದು ನಾವೇ ಕೋಡ್‌ಗೆ ಕೈ ಹಾಕಿದಾಗ, ಅದನ್ನು ನನ್ನ ಗೆಳೆಯನೇ ಕೆಳಗೆ ಹೇಳುತ್ತಾನೆ, ಬಿಡುವುದಿಲ್ಲ.

ವಿರೋಧ: ಮೊದಲು ಟೂಲ್ ಸರಿ ಮಾಡಿ

ಹೌದು, ಬಿಡಲ್ಲ. ಆ ಆರು ವಾಕ್ಯ ಇನ್ನೊಮ್ಮೆ ಓದಿ. ಅರ್ಧಕ್ಕರ್ಧ ತೇಪೆ. ಬಾಕ್ಸ್ ದರ ಬೇಕು ಅಂತ ಗೊತ್ತಿದ್ದ ಮೇಲೆ ಭಾಗಾಕಾರ ಗುಣಾಕಾರವನ್ನು ಮಾಡೆಲ್ ತಲೆಗೆ ಯಾಕೆ ಕಟ್ಟಬೇಕು? ಕೋಡ್‌ನಲ್ಲಿ ಒಂದು ಸಾಲು ಸೇರಿಸಿ, "15 ಕೆಜಿ ಬಾಕ್ಸ್ ದರ" ಅಂತಲೇ ಉತ್ತರ ಕಳಿಸಿ. ದಾಖಲೆ ಇಲ್ಲದಿದ್ದರೆ ಟೂಲೇ "ಈ ದಿನದ ದಾಖಲೆ ಇಲ್ಲ" ಎನ್ನಲಿ. ದರದ ಪಕ್ಕದಲ್ಲೇ ದಿನಾಂಕ ಬರಲಿ. ಮಾರುಕಟ್ಟೆ ಹೆಸರನ್ನು ಮಾಡೆಲ್ ತನಗೆ ತೋಚಿದ ಹಾಗೆ ಬರೆಯಲು ಬಿಡಬೇಡಿ, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಅಂತ ಪಟ್ಟಿ ಕೊಟ್ಟು ಇದರಲ್ಲೇ ಆರಿಸು ಎಂದರೆ ಮುಗಿಯಿತು.

ಖರ್ಚಿನ ಮಾತೂ ಇದೆ. ವಿವರಣೆ ಒಂದು ಸಲ ಓದಿಸಿ ಎತ್ತಿಡುವ ವಸ್ತುವಲ್ಲ, ಸಾಮಾನ್ಯವಾಗಿ ಪ್ರತಿ ಸಲ ಮಾಡೆಲ್‌ನ ಕರೆದಾಗಲೂ ಎಲ್ಲ ಟೂಲ್‌ಗಳ ವಿವರಣೆ ಜೊತೆಗೇ ಹೋಗುತ್ತದೆ. ಮಾವ "ಊಟ ಆಯ್ತಾ" ಅಂತ ತಮಾಷೆಗೆ ಕೇಳಿದರೂ ಕ್ವಿಂಟಾಲ್ ಪುರಾಣ ಪೂರ್ತಿ ಹೋಗುತ್ತದೆ. ಅದೂ ಕನ್ನಡದಲ್ಲಿ ಬರೆದರೆ ಇಂಗ್ಲಿಷ್‌ಗಿಂತ ಟೋಕನ್ (ಮಾಡೆಲ್ ಓದುವ ಪದದ ತುಣುಕು, ಖರ್ಚಿನ ಲೆಕ್ಕ ಇದರ ಮೇಲೇ) ಜಾಸ್ತಿ. ಬೇರೆಯವರ ಟೂಲ್ ತಂದು ಜೋಡಿಸುವವರಿಗೆ ಇನ್ನೊಂದು ಅಪಾಯವೂ ಉಂಟು: ಉದ್ದನೆ ವಿವರಣೆಯೊಳಗೆ ಕೆಟ್ಟ ಆದೇಶ ಅಡಗಿಸಿಟ್ಟರೆ ಮಾಡೆಲ್ ಅದನ್ನೂ ಪಾಲಿಸಬಹುದು.

ಈಗ ಕೋಡ್‌ಗೆ ಕೈ ಹಾಕಿದ ಕಥೆ. ಟೂಲ್ ಕೆಜಿ ದರ ಕೊಡುವ ಹಾಗೆ ಬದಲಾಯಿಸಿದೆವು, ವಿವರಣೆ ಮುಟ್ಟಲು ಮರೆತೆವು. ಮಾಡೆಲ್ ಪಾಪ, ಹೇಳಿದ ಹಾಗೆ ಕೇಳಿತು. ಕೆಜಿಗೆ 20 ಇದ್ದದ್ದನ್ನು 100ರಿಂದ ಭಾಗಿಸಿ 15ರಿಂದ ಗುಣಿಸಿ ಬಾಕ್ಸ್‌ಗೆ 3 ರೂಪಾಯಿ ಅಂದಿತು. ವಿವರಣೆ ಇಲ್ಲದೇ ಹೋಗಿದ್ದರೆ ಊಹೆ ಮಾಡಿ ತಪ್ಪುತ್ತಿತ್ತು. ವಿವರಣೆ ಇದ್ದದ್ದಕ್ಕೆ ಧೈರ್ಯವಾಗಿ ತಪ್ಪಿತು.

ಒಂದು ಸಾಲು ಮಾತ್ರ ಅವನದ್ದೇ ಸರಿ ಅಂತ ಒಪ್ಪುತ್ತೇನೆ. "ನಾಳೆಯ ದರ ಊಹಿಸಲು ಬಳಸಬೇಡ" ಅನ್ನುವುದನ್ನು ಕೋಡ್ ಹೇಳಲಾರದು, ಯಾಕೆಂದರೆ ಟೂಲ್‌ನ ಕರೆಯಬೇಕಾ ಬೇಡವಾ ಅನ್ನುವುದು ಕೋಡ್ ಓಡುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಹಾಗಾಗಿ ಅದನ್ನೂ ಮೊದಲ ವಾಕ್ಯವನ್ನೂ ಇಟ್ಟುಕೊಂಡು ಉಳಿದದ್ದು ಅಳಿಸಿದ್ದೇನೆ.

ಅಳಿಸಿ ಎರಡು ದಿನ ಆಗಿಲ್ಲ, ಮಾವ "ಸಣ್ಣ ಕಾಯಿ ಎಷ್ಟು ಹೋಯ್ತು?" ಅಂತ ಕೇಳಿದ್ದಾರೆ. ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಹೆಚ್ಚು ಮಾಲು ಹೋದ ದರ ಅಂತ ಮೂರಿವೆ, ಕಾಯಿಯ ಗಾತ್ರ ಎಲ್ಲೂ ಇಲ್ಲ. ಇವನು ಆಗಲೇ ಹೊಸ ವಾಕ್ಯ ಟೈಪ್ ಮಾಡುತ್ತಾ ಕೂತಿದ್ದಾನೆ.