ಹಿಮಾಲಯವನ್ನು ‘ಮೂರನೇ ಧ್ರುವ’ ಎನ್ನಬೇಕೇ?

ಪರ: ಹಿಮ ಎಷ್ಟಿದೆ ಎಂದು ಹೆಸರೇ ಹೇಳಲಿ

ನನಗೂ ಚಿಕ್ಕಂದಿನಿಂದ ‘ಹಿಮಾಲಯ’ ಎಂಬ ಹೆಸರೇ ಇಷ್ಟ. ಆದರೂ ಅದರ ಪಕ್ಕದಲ್ಲಿ ‘ಮೂರನೇ ಧ್ರುವ’ವೂ ಇರಲಿ ಎನ್ನುತ್ತೇನೆ. ಉತ್ತರ, ದಕ್ಷಿಣ ಧ್ರುವಗಳ ಕಡೆಯ ನೆಲ ಬಿಟ್ಟರೆ ಭೂಮಿಯ ಮೇಲೆ ಅತಿ ಜಾಸ್ತಿ ಹಿಮ ಇರುವುದು ಹಿಂದೂಕುಷ್, ಹಿಮಾಲಯ, ಟಿಬೆಟ್‌ ಸೇರಿದ ಈ ಎತ್ತರದಲ್ಲೇ. ಸಿಂಧೂ, ಗಂಗೆ, ಬ್ರಹ್ಮಪುತ್ರಾ, ಮೆಕಾಂಗ್, ಹೀಗೆ ಹತ್ತು ದೊಡ್ಡ ನದಿಗಳು ಇಲ್ಲಿಂದ ಇಳಿಯುತ್ತವೆ. ಭೂಮಿಯ ಬಿಸಿ ಕೈಗಾರಿಕೆಗಳು ಬರುವ ಮೊದಲಿದ್ದುದಕ್ಕಿಂತ 1.5 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರದಂತೆ ತಡೆದರೂ ಈ ಶತಮಾನ ಮುಗಿಯುವಷ್ಟರಲ್ಲಿ ಇಲ್ಲಿನ ಹಿಮನದಿಗಳಲ್ಲಿ ಮೂರನೇ ಒಂದು ಪಾಲು ಕರಗುತ್ತದೆ ಎಂದು ಈ ಬೆಟ್ಟಗಳನ್ನು ಅಧ್ಯಯನ ಮಾಡುವ ಕಠ್ಮಂಡುವಿನ ಇಸಿಮೋಡ್ ಸಂಸ್ಥೆ 2019ರಲ್ಲೇ ಹೇಳಿದೆ.

‘ಜಗತ್ತಿನ ಚಾವಣಿ’ ಎಂದರೆ ಎತ್ತರ ಮಾತ್ರ ಕಾಣುತ್ತದೆ. ‘ಭಾರತದ ಕಿರೀಟ’ ಎಂದರೆ ಅಂದ ಮಾತ್ರ. ಧ್ರುವ ಎಂದ ಕೂಡಲೇ ಹಿಮ ನೆನಪಾಗುತ್ತದೆ, ಅದು ಕರಗುವುದೂ ನೆನಪಾಗುತ್ತದೆ. ಕಿರೀಟ ಎಂದೇ ಹಾಡಿಕೊಂಡಿರೋಣ ಎನ್ನುವವರಿಗೆ ಕ್ಯಾಲೆಂಡರಿನ ಚಿತ್ರ ಸಾಕು. ಆ ನೀರು ಕುಡಿಯುವವರಿಗೆ ಸಾಲದು.

ವಿರೋಧ: ಅಲ್ಲಿ ಹೆಸರುಗಳಿಗೇನು ಬರವೇ?

ಕನ್ನಡದಲ್ಲಿ ಧ್ರುವ ಎಂದರೆ ಮೊದಲು ಬರುವುದು ನಕ್ಷತ್ರ. ಅಪ್ಪನ ತೊಡೆ ಸಿಗದ ಹುಡುಗ ತಪಸ್ಸು ಮಾಡಿ, ಯಾರೂ ಅಲುಗಿಸಲಾಗದ ಜಾಗ ಪಡೆದ ಕಥೆ. ಕರಗಿ ಹರಿದುಹೋಗುತ್ತಿರುವ ಹಿಮಕ್ಕೆ ಅಲುಗದವನ ಹೆಸರೇ?

ಇನ್ನು ಈ ಮಾತು ಹುಟ್ಟಿದ್ದಾದರೂ ಹೇಗೆ? 1911ರಲ್ಲಿ ದಕ್ಷಿಣ ಧ್ರುವವನ್ನೂ ಮುಟ್ಟಿಯಾಯಿತು. ಆಮೇಲೆ ಮುಟ್ಟಬೇಕಾದ ಜಾಗ ಎಂದು ಪರ್ವತಾರೋಹಿಗಳು ಎವರೆಸ್ಟನ್ನು ಮೂರನೇ ಧ್ರುವ ಎನ್ನತೊಡಗಿದರು. ಗೆಲ್ಲಲು ಹೊರಟವರು ಇಟ್ಟ ಹೆಸರು ಅದು. ದಕ್ಷಿಣ ಧ್ರುವದಲ್ಲಿ ಊರಿಲ್ಲ, ಕೇರಿಯಿಲ್ಲ. ಈ ಬೆಟ್ಟಗಳಲ್ಲಿ 24 ಕೋಟಿ ಜನ ಇದ್ದಾರೆ. ಅವರು ಹೆಸರಿಟ್ಟಿಲ್ಲವೇ? ಟಿಬೆಟಿನವರಿಗೆ ಎವರೆಸ್ಟ್ ತಾಯಿ ದೇವತೆ, ಚೊಮೊಲುಂಗ್ಮಾ. ನೇಪಾಳಿಗಳಿಗೆ ಸಗರಮಾಥಾ, ಆಕಾಶದ ಹಣೆ. ಕಾಂಚನಜುಂಗಾ ಎಂದರೆ ಮಹಾಹಿಮದ ಐದು ಭಂಡಾರಗಳು. ಭಂಡಾರ ಬರಿದಾಗುತ್ತಿದೆ ಎಂದರೆ ಯಾರಿಗೆ ಅರ್ಥವಾಗುವುದಿಲ್ಲ ಹೇಳಿ?

ಸಿಕ್ಕಿಂನ ಪೆಲ್ಲಿಂಗ್‌ಗೆ ನಾನು ಒಮ್ಮೆ ಅಕ್ಟೋಬರಿನಲ್ಲಿ ಹೋಗಿದ್ದೆ. ಎರಡು ದಿನ ಬರೀ ಮೋಡ. ಮೂರನೇ ದಿನ ಬೆಳಗಿನ ಜಾವ ನಾನು ಉಳಿದಿದ್ದ ಮನೆಯ ಅಕ್ಕ ಬಾಗಿಲು ಬಡಿದರು. ಹಿಂದಿಯಲ್ಲಿ ಅವರು ಹೇಳಿದ್ದು ಇಷ್ಟೇ: “ಏಳಿ, ಬಂದಿದ್ದಾರೆ.” ಯಾರೋ ನೆಂಟರು ಬಂದಿರಬೇಕು ಎಂದುಕೊಂಡು ಸ್ವೆಟರ್ ಸಿಕ್ಕಿಸಿಕೊಂಡು ಹೊರಗೆ ಬಂದೆ. ಕಾಂಚನಜುಂಗಾ! 8586 ಮೀಟರ್ ಎಂದು ಓದಿಕೊಂಡು ಹೋಗಿದ್ದೆ, ಆ ಕ್ಷಣ ಅದು ನೆನಪಿಗೇ ಬರಲಿಲ್ಲ. ತುದಿ ಮಾತ್ರ ಕೆಂಡದ ಬಣ್ಣ, ಕೆಳಗೆಲ್ಲ ಇನ್ನೂ ನೀಲಿ. ಅಕ್ಕ ಅಂಗಳದಲ್ಲಿ ಹಳೇ ಡಬ್ಬದ ಕೆಂಡಕ್ಕೆ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತಿದ್ದರು. ದಿನಾ ಮಾಡ್ತೀರಾ ಎಂದು ಕೇಳಿದೆ. ಮೋಡ ಇದ್ದ ದಿನವೂ ಮಾಡುತ್ತೇನೆ, ನಮಗೆ ಕಾಣದಿದ್ದರೂ ಅವರಿಗೆ ನಾವು ಕಾಣುತ್ತೇವೆ ಎಂದರು.

1955ರಲ್ಲಿ ಅದನ್ನು ಮೊದಲು ಏರಿದ ಇಬ್ಬರು ಬ್ರಿಟಿಷರು ಸಿಕ್ಕಿಂನವರ ಈ ಭಕ್ತಿಗೆ ತಲೆಬಾಗಿ ತುತ್ತತುದಿಗೆ ಕಾಲಿಡದೆ ಕೆಲವೇ ಹೆಜ್ಜೆ ಕೆಳಗೆ ನಿಂತರು. ನದಿ, ನೀರಿನ ಲೆಕ್ಕ ನನಗೂ ಗೊತ್ತು. ಅದಕ್ಕೆ ಹೊರಗಿನಿಂದ ಒಂದು ಹೆಸರು ತಂದು ಅಂಟಿಸಬೇಕಿಲ್ಲ.

ಹತ್ತು ನಿಮಿಷಕ್ಕೆ ಮತ್ತೆ ಮೋಡ ಮುಚ್ಚಿತು. ಅಕ್ಕ ಡಬ್ಬಕ್ಕೆ ಇನ್ನೊಂದು ಹಿಡಿ ಸೊಪ್ಪು ಹಾಕಿ, ಚಹಾ ಇಡಲು ಒಳಗೆ ಹೋದರು.