ಮೇಕನ್‌ನ ಎಚ್ ಆಂಡ್ ಎಚ್‌ಗೆ ಒಮ್ಮೆ ತಿಂಡಿಗೆ ಹೋಗಿ

ಅಟ್ಲಾಂಟಾದಲ್ಲಿರುವ ನಮ್ಮ ಕನ್ನಡದವರಿಗೆ ಥಾಯ್ ಊಟ ಗೊತ್ತು, ಮೆಕ್ಸಿಕನ್ ಊಟ ಗೊತ್ತು, ಇಥಿಯೋಪಿಯಾದ ಇಂಜೆರಾ ಕೂಡ ಗೊತ್ತು. ಆದರೆ ನಾವು ಮನೆ ಮಾಡಿಕೊಂಡಿರುವ ಈ ನೆಲದ್ದೇ ಆದ ಸೋಲ್ ಫುಡ್, ಅಂದರೆ ಅಮೆರಿಕದ ದಕ್ಷಿಣದ ಕಪ್ಪು ಜನರ ಅಡುಗೆ, ಅಂದ ಕೂಡಲೇ "ಅಯ್ಯೋ, ಬರೀ ಎಣ್ಣೆ, ಬರೀ ಹಂದಿ ಮಾಂಸ" ಅಂತ ದೂರ ಇಡುತ್ತೇವೆ. ಈ ಮಾತು ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಮೊನ್ನೆ ಗೆಳತಿಯ ಜೊತೆ ಮೇಕನ್‌ಗೆ ಹೋಗಿ ತಿಂಡಿ ತಿಂದು ಬಂದ ಮೇಲಂತೂ ಇದನ್ನು ಬರೆಯಲೇಬೇಕು ಅನ್ನಿಸಿತು.

ಮೇಕನ್ ಅಟ್ಲಾಂಟಾದಿಂದ ದಕ್ಷಿಣಕ್ಕೆ ಸುಮಾರು ಒಂದೂವರೆ ಗಂಟೆ ದಾರಿ. ಅಲ್ಲಿ ಫೋರ್ಸೈತ್ ಬೀದಿಯಲ್ಲಿ ಎಚ್ ಆಂಡ್ ಎಚ್ ಇದೆ. 1959ರಲ್ಲಿ ಐನೆಜ್ ಹಿಲ್, ಲೂಯಿಸ್ ಹಡ್ಸನ್ ಅನ್ನುವ ಇಬ್ಬರು ಕಪ್ಪು ಹೆಂಗಸರು ಶುರು ಮಾಡಿದ ಹೋಟೆಲ್ ಇದು. ಆ ವರ್ಷ ನೆನಪಿಡಿ. ಆಗ ಜಾರ್ಜಿಯಾದಲ್ಲಿ ಕಪ್ಪು ಜನ ಬಿಳಿಯರ ಹೋಟೆಲ್‌ನಲ್ಲಿ ಅವರ ಪಕ್ಕ ಕೂತು ತಿನ್ನುವ ಹಾಗಿರಲಿಲ್ಲ. ಅದನ್ನು ತಪ್ಪಿಸಿದ ಕಾನೂನು ಬಂದಿದ್ದು 1964ರಲ್ಲಿ. ಅಂಥ ಕಾಲದಲ್ಲಿ ಇವರಿಬ್ಬರೂ ಸ್ವಂತ ಹೋಟೆಲ್ ತೆರೆದರು.

ಲೂಯಿಸ್ ಅವರನ್ನು ಊರಿಗೆ ಊರೇ ಮಾಮಾ ಲೂಯಿಸ್ ಅಂತ ಕರೆಯುತ್ತಿತ್ತು. ಆಲ್‌ಮನ್ ಬ್ರದರ್ಸ್ ಅನ್ನುವ ರಾಕ್ ಬ್ಯಾಂಡ್‌ನ ಹುಡುಗರು ಇನ್ನೂ ಹೆಸರು ಮಾಡಿರದ ದಿನಗಳಲ್ಲಿ ಇಲ್ಲಿಗೆ ಬಂದರು. ಉದ್ದ ಕೂದಲು, ಜೇಬು ಖಾಲಿ. ಬಿಳಿಯರೂ ಕಪ್ಪು ಜನರೂ ಒಟ್ಟಿಗಿದ್ದ ಗುಂಪು ಅದು. ಇದ್ದ ದುಡ್ಡಿಗೆ ಎರಡೇ ತಟ್ಟೆ ತಗೊಂಡು ಎಲ್ಲರೂ ಹಂಚಿಕೊಳ್ಳಲು ನೋಡಿದರಂತೆ. ಮಾಮಾ ಲೂಯಿಸ್ ಒಬ್ಬೊಬ್ಬರಿಗೂ ಒಂದೊಂದು ತಟ್ಟೆ ಬಡಿಸಿದರು. ಮುಂದೆ ಆ ಹುಡುಗರಿಗೆ ಹೆಸರು ಬಂತು, 1972ರಲ್ಲಿ ಮಾಮಾ ಲೂಯಿಸ್ ಅವರನ್ನೂ ತಮ್ಮ ಜೊತೆ ಪ್ರವಾಸಕ್ಕೆ ಕರೆದುಕೊಂಡು ಹೋದರು. ಮಾಮಾ ಲೂಯಿಸ್ 2022ರಲ್ಲಿ ತೀರಿಕೊಂಡರು. ಹೋಟೆಲ್ ಈಗ ಬೇರೆಯವರ ಕೈಯಲ್ಲಿದೆ, ಆದರೆ ಇವತ್ತಿಗೂ ಜನ ಬರುವುದು ಅವರ ಹೆಸರು ಹೇಳಿಕೊಂಡೇ.

ನನ್ನ ಗೆಳತಿ ಗದಗದವಳು, ಸಸ್ಯಾಹಾರಿ. ಮೊಟ್ಟೆ ಮಾತ್ರ ತಿನ್ನುತ್ತಾಳೆ. ಬರಲು ಅರೆಮನಸ್ಸು ಅವಳಿಗೆ. ಗ್ರಿಟ್ಸ್, ಮೊಟ್ಟೆ, ಬಿಸ್ಕೆಟ್ ತಗೊಂಡಳು. ನಾನು ಫ್ರೈಡ್ ಚಿಕನ್ ಇಟ್ಟ ಬಿಸ್ಕೆಟ್ ತಗೊಂಡೆ. ಬಿಸ್ಕೆಟ್ ಅಂದರೆ ನಮ್ಮ ಚಹಾದ ಬಿಸ್ಕೆಟ್ ಅಲ್ಲ. ಪ್ರೋಟೀನ್ ಕಡಿಮೆ ಇರುವ ಮೆತ್ತನೆ ಗೋಧಿಯ ಹಿಟ್ಟಿಗೆ ತಣ್ಣನೆ ಬೆಣ್ಣೆ, ಮಜ್ಜಿಗೆ ಹಾಕಿ, ಜಾಸ್ತಿ ನಾದದೆ ಸುಡುವುದು. ಮುರಿದರೆ ಪದರ ಪದರವಾಗಿ ಬಿಡಬೇಕು. ಬಿಟ್ಟಿತು.

ಗೆಳತಿ ಗ್ರಿಟ್ಸ್ ಒಂದು ಚಮಚ ಬಾಯಿಗಿಟ್ಟವಳೇ, "ಅಯ್ಯ, ಇದು ನಮ್ಮ ಮನಿ ನುಚ್ಚು ಇದ್ದಂಗ ಐತಲ್ಲೇ! ಒಂದೀಟು ಮಜ್ಜಿಗಿ ಸಿಕ್ಕಿದ್ರ ಮುಗೀತು ನೋಡು" ಅಂದಳು. ಸರಿಯಾಗೇ ಹೇಳಿದಳು. ಬಿಳಿ ಮೆಕ್ಕೆಜೋಳವನ್ನು ತರಿ ಬೀಸಿ, ಕೈ ಬಿಡದೆ ತಿರುವುತ್ತಾ ಬೇಯಿಸಿದ್ದು ಅದು. ಕಲ್ಲಿನಲ್ಲಿ ಬೀಸಿದ ತರಿಯಾದರೆ ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು. ಪೊಟ್ಟಣದ ದಿಢೀರ್ ಗ್ರಿಟ್ಸ್ ತಿಂದು "ರುಚಿಯಿಲ್ಲ" ಅನ್ನುವವರು ಅಸಲಿ ಗ್ರಿಟ್ಸ್ ತಿಂದೇ ಇಲ್ಲ.

ಮೆಕ್ಕೆಜೋಳ ಇಲ್ಲಿನ ಮೂಲ ಜನರ ಬೆಳೆ. ಅವರಲ್ಲಿ ಮಸ್ಕೋಗಿ ಅನ್ನುವ ಜನರ ಪೂರ್ವಜರು ಕಟ್ಟಿದ ಹಳೆಯ ಮಣ್ಣಿನ ದಿಬ್ಬಗಳು ಮೇಕನ್ ಊರಿನಲ್ಲೇ ಇವೆ. ಗುಲಾಮಗಿರಿಯ ಕಾಲದಲ್ಲಿ ಅದೇ ಮೆಕ್ಕೆಜೋಳದ ಹಿಟ್ಟು ಗುಲಾಮರ ಪಡಿಯಾಯಿತು. ದೊಡ್ಡವರಿಗೆ ತಿಂಗಳಿಗೆ ಎಂಟು ಪೌಂಡ್ ಹಂದಿ ಮಾಂಸ ಅಥವಾ ಅದಕ್ಕೆ ಸಮನಾದ ಮೀನು, ಒಂದು ಬುಷೆಲ್ (ಸುಮಾರು 35 ಲೀಟರ್ ಅಳತೆ) ಮೆಕ್ಕೆಜೋಳದ ಹಿಟ್ಟು ಕೊಡುತ್ತಿದ್ದರು ಅಂತ ಮೇರಿಲ್ಯಾಂಡ್‌ನಲ್ಲಿ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಸ್ 1845ರಲ್ಲೇ ಬರೆದಿಟ್ಟಿದ್ದಾರೆ. ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಇಷ್ಟೇ. ಉಳಿದದ್ದನ್ನು ಅವರೇ ದಕ್ಕಿಸಿಕೊಂಡರು. ಗುಡಿಸಲ ಪಕ್ಕದ ತುಂಡು ನೆಲದಲ್ಲಿ ಸೊಪ್ಪು, ಬೆಂಡೆ, ಅಲಸಂದೆ ಬೆಳೆದರು. ಬೆಂಡೆ, ಅಲಸಂದೆ ಎರಡೂ ಆಫ್ರಿಕಾದಿಂದ ಬಂದವು. ನಮ್ಮ ಬಿಳಿಜೋಳದ ಮೂಲವೂ ಆಫ್ರಿಕಾವೇ. ದಕ್ಷಿಣದವರು ಬಿಸ್ಕೆಟ್ ಮೇಲೆ ಸುರಿದುಕೊಳ್ಳುವ ಸೋರ್ಗಮ್ ಸಿರಪ್ ಇದೆಯಲ್ಲ, ಅದು ಇದೇ ಬಿಳಿಜೋಳದ ಜಾತಿಯ ಸಿಹಿ ದಂಟನ್ನು ಅರೆದು, ರಸ ಕುದಿಸಿ ಮಾಡಿದ್ದು. ಇದನ್ನು ಹೇಳಿದಾಗ ಗೆಳತಿ ಅಲ್ಲೇ ಫೋನ್ ತೆಗೆದು ಅವಳ ಅವ್ವನಿಗೆ ಮೆಸೇಜ್ ಕಳಿಸಿದಳು!

"ಆರೋಗ್ಯಕ್ಕೆ ಒಳ್ಳೆಯದಲ್ಲ" ಅನ್ನುವ ಮಾತಿಗೆ ಬರುತ್ತೇನೆ. ಬೆಣ್ಣೆ ದೋಸೆ, ಉದ್ದಿನ ವಡೆ, ಮೈಸೂರು ಪಾಕ್ ಮುಂದೆ ಕೂತಾಗ ನಾವು ಈ ಮಾತು ಆಡುತ್ತೇವಾ? ಫ್ರೈಡ್ ಚಿಕನ್ ಈ ಜನರ ದಿನದ ಊಟವಾಗಿರಲಿಲ್ಲ, ಭಾನುವಾರದ್ದು. ದಿನದ ಊಟ ಅಂದರೆ ಸೊಪ್ಪು, ಕಾಳು, ಮೆಕ್ಕೆಜೋಳದ ರೊಟ್ಟಿ. ಹಬ್ಬದ ತಟ್ಟೆ ನೋಡಿ ಒಂದು ಜನಾಂಗದ ಅಡುಗೆಮನೆಗೇ ಹೆಸರಿಡುವುದು ತಪ್ಪು. ನಮ್ಮ ಅಡುಗೆಯನ್ನು "ಬರೀ ಖಾರ, ಬರೀ ಮಸಾಲೆ" ಅಂತ ಯಾರಾದರೂ ತಳ್ಳಿಹಾಕಿದರೆ ನಮಗೆ ಚುಚ್ಚುತ್ತದೆ, ಅಲ್ವಾ?

ಇನ್ನೊಂದು ವಿಷಯ. 1955ರಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ, ಕಪ್ಪು ಜನರನ್ನು ಬಸ್ಸಿನಲ್ಲಿ ಬೇರೆ ಕೂರಿಸುವುದರ ವಿರುದ್ಧ ಬಸ್ ಬಹಿಷ್ಕಾರ ಶುರುವಾದಾಗ ಜಾರ್ಜಿಯಾ ಗಿಲ್ಮೋರ್ ಅನ್ನುವ ಅಡುಗೆಯಾಕೆ ಬೇರೆ ಹೆಂಗಸರನ್ನು ಸೇರಿಸಿಕೊಂಡು ಫ್ರೈಡ್ ಚಿಕನ್, ಕೇಕ್, ಪೈ ಮಾಡಿ ಮಾರಿದರು. ಆ ದುಡ್ಡನ್ನು ಚಳವಳಿಗೆ ಕೊಟ್ಟರು. ಬಸ್ ಬಿಟ್ಟ ಜನರನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದ ಕಾರುಗಳ ಪೆಟ್ರೋಲಿಗೆ ಇಂಥ ದುಡ್ಡೇ ಬೇಕಿತ್ತು. ನಾವಿಲ್ಲಿ ಇವತ್ತು ಎಲ್ಲಿ ಬೇಕಾದರೂ ಕೂತು ತಿನ್ನುತ್ತೇವೆ. ಆ ಹಕ್ಕಿನ ಹಿಂದೆ ಈ ಹೆಂಗಸರ ದುಡಿಮೆಯೂ ಇದೆ. ಅವರ ಅಡುಗೆಯನ್ನು ಒಮ್ಮೆಯೂ ರುಚಿ ನೋಡದೆ ಇರುವುದು ನನಗೆ ಒಪ್ಪುವುದಿಲ್ಲ.

ಸಸ್ಯಾಹಾರಿಗಳು ಮಾತ್ರ ಕೇಳಿಯೇ ತಗೊಳ್ಳಿ. ದಕ್ಷಿಣದ ಅಡುಗೆಯಲ್ಲಿ ಸೊಪ್ಪಿನ ಪಲ್ಯಕ್ಕೆ ಹಂದಿ ಮಾಂಸದ ತುಂಡು ಹಾಕಿ ಬೇಯಿಸುವುದು ರೂಢಿ. ಬಿಳಿ ಗ್ರೇವಿಯಲ್ಲಿ ಬಹಳ ಸಲ ಸಾಸೇಜ್ ಇರುತ್ತದೆ. ಕೆಲವು ಕಡೆ ಬಿಸ್ಕೆಟ್‌ಗೂ ಹಂದಿ ಕೊಬ್ಬು ಬಳಸುತ್ತಾರೆ. ನಾವು ಕೇಳಿದ್ದಕ್ಕೆಲ್ಲ ಬಡಿಸುತ್ತಿದ್ದ ಅಮ್ಮ ಸಮಾಧಾನವಾಗಿ ಉತ್ತರ ಕೊಟ್ಟರು. ನಮ್ಮ ಕನ್ನಡ ಕೂಟದವರು ಮುಂದಿನ ಪಿಕ್ನಿಕ್ ಮೇಕನ್‌ನಲ್ಲಿ ಇಟ್ಟುಕೊಳ್ಳುವುದಾದರೆ ತಿಂಡಿಯ ಏರ್ಪಾಡು ನನಗೆ ಬಿಡಿ. ಯಾರ್ಯಾರು ಬರುತ್ತೀರಿ, ಕೆಳಗೆ ಹೇಳಿ.