ಕೆಂಪು ಚುಕ್ಕೆ, ಕೆಂಪು ಗೆರೆ

ಮಗಳ ಪುಸ್ತಕ ವಾಪಸ್ ಕೊಡೋಕೆ ಅಂತ ಇಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ, ನಾವಿರುವ ಬ್ರೂಕ್ಲಿನ್ ಪಾರ್ಕ್‌ನ ಗ್ರಂಥಾಲಯಕ್ಕೆ ಹೋಗಿದ್ದೆ. ಒಳಗೆ ಉದ್ದನೆಯ ಮೇಜಿನ ಮೇಲೆ ಒಂದು ನಕ್ಷೆ ಹಾಸಿದ್ದರು. ಮಿನಿಯಾಪೊಲಿಸ್‌ನಿಂದ ನಮ್ಮ ಕಡೆಗೆ ಬರಬೇಕಾದ ಲೈಟ್ ರೈಲು, ಬ್ಲೂ ಲೈನ್ ವಿಸ್ತರಣೆಯ ನಕ್ಷೆ. ಅಲ್ಲಿ ನಿಂತಿದ್ದ ಹುಡುಗಿ ಮೊದಲು ಕೇಳಿದ್ದು, ಯಾವ ಭಾಷೆಯಲ್ಲಿ ಹೇಳಲಿ ಅಂತ. ಸ್ಪ್ಯಾನಿಷ್, ಹ್ಮಾಂಗ್, ಸೊಮಾಲಿ ಕರಪತ್ರಗಳು ಸಾಲಾಗಿ ಇದ್ದವು. ಕನ್ನಡ ಇರಲಿಲ್ಲ, ಇರಲಿ ಅಂತ ನಾನೂ ಆಸೆ ಪಡಲಿಲ್ಲ. ಇಂಗ್ಲಿಷೇ ಸಾಕಮ್ಮ ಅಂದೆ. ಎರಡು ದುಂಡನೆಯ ಸ್ಟಿಕ್ಕರ್ ಕೈಗಿಟ್ಟಳು. ಏನಾದರೂ ಬೇಕು ಅನ್ನುವ ಜಾಗಕ್ಕೆ ಹಸಿರು, ಇದನ್ನು ಮುಟ್ಟಬೇಡಿ ಅನ್ನುವ ಜಾಗಕ್ಕೆ ಕೆಂಪು.

ಕೆಂಪು ಸ್ಟಿಕ್ಕರನ್ನು ಹೆಬ್ಬೆರಳಿಗೆ ಅಂಟಿಸಿಕೊಂಡು ಸುಮಾರು ಹೊತ್ತು ನಿಂತೇ ಇದ್ದೆ. ನಮ್ಮೂರಿನಲ್ಲಿ ಕೆಂಪು ಬಣ್ಣ ಜನರ ಕೈಗೆ ಸಿಗುವುದಿಲ್ಲ, ಸೀದಾ ಗೋಡೆಗೆ ಬಂದು ಬೀಳುತ್ತದೆ.

ದೊಡ್ಡಪ್ಪನ ಮನೆ ಗೋಡೆಗೆ ಬಿದ್ದಿದ್ದು ಹಾಗೇ. ರಸ್ತೆ ಅಗಲ ಮಾಡ್ತಾರೆ ಅನ್ನುವ ಸುದ್ದಿ ಹೋಟೆಲ್‌ನಲ್ಲಿ, ಕ್ಷೌರದಂಗಡಿಯಲ್ಲಿ ವರ್ಷಗಟ್ಟಲೆ ಓಡಾಡಿತ್ತು, ಯಾರೂ ನಂಬಿರಲಿಲ್ಲ. ಒಂದು ಬೆಳಿಗ್ಗೆ ದೊಡ್ಡಮ್ಮ ಬಾಗಿಲಿಗೆ ನೀರು ಹಾಕೋಕೆ ಬಂದರೆ, ಒಬ್ಬ ಹುಡುಗ ಬಣ್ಣದ ಡಬ್ಬಿ ಹಿಡಿದು ಗೋಡೆ ಮೇಲೆ ಗೆರೆ ಎಳೆಯುತ್ತಿದ್ದಾನೆ. ಗೆರೆ, ಒಂದು ಬಾಣದ ಗುರುತು, ಪಕ್ಕದಲ್ಲಿ 9 ಅಂತ ಅಂಕಿ. ಒಂಬತ್ತು ಅಡಿ ಅಂದರೆ ಜಗಲಿ ಪೂರ್ತಿ, ಮುಂದಿನ ಕೋಣೆ ಅರ್ಧ. "ಯಾರಪ್ಪ ಹೇಳಿದ್ದು?" ಅಂದರೆ "ಗೊತ್ತಿಲ್ಲ ಅಮ್ಮ, ಸಾಹೇಬ್ರು ಬಳಿ ಅಂದ್ರು, ಬಳೀತಿದ್ದೀನಿ" ಅಂದನಂತೆ. ದೊಡ್ಡಮ್ಮ ಅವನಿಗೆ ಕುಡಿಯೋಕೆ ಮಜ್ಜಿಗೆ ಕೊಟ್ಟು ಕಳಿಸಿದರು.

ನೋಟಿಸ್ ಕೊಟ್ಟಿರಲಿಲ್ಲ ಅಂತಲ್ಲ, ಆಮೇಲೆ ಬಂತು. "ಸದರಿ ಸ್ವತ್ತಿನ ಚಕ್ಕುಬಂದಿಯನ್ವಯ", "ತಕರಾರು ಇದ್ದಲ್ಲಿ", "ತಪ್ಪಿದಲ್ಲಿ ಯಾವುದೇ ಆಕ್ಷೇಪಣೆ ಇರುವುದಿಲ್ಲವೆಂದು ಭಾವಿಸಿ". ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಮೇಷ್ಟ್ರು ನಮ್ಮ ದೊಡ್ಡಪ್ಪ. ಆ ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ವಕೀಲರ ಮನೆಗೆ ಹೊರಟರು. ಕನ್ನಡದ ಮೇಷ್ಟ್ರಿಗೆ ಕನ್ನಡ ಬಿಡಿಸಿ ಹೇಳೋಕೆ ವಕೀಲರ ಫೀಸು.

ನನಗೆ ಆವತ್ತು ಗ್ರಂಥಾಲಯದಲ್ಲಿ ಚುಚ್ಚಿದ್ದು ಇದು. ಇಲ್ಲಿ ಲಾವೋಸಿನ ಬೆಟ್ಟಗಳಿಂದ ಬಂದ ಹ್ಮಾಂಗ್ ಅಜ್ಜಿಗೆ ಅವಳ ಭಾಷೆಯಲ್ಲಿ ರೈಲು ಎಲ್ಲಿ ನಿಲ್ಲಬೇಕು ಅಂತ ಕೇಳುತ್ತಾರೆ. ಅಲ್ಲಿ ನಮ್ಮದೇ ಭಾಷೆಯಲ್ಲಿ ನಮಗೆ ಅರ್ಥವಾಗದ ಹಾಗೆ ಹೇಳುತ್ತಾರೆ, ಅದೂ ಗೆರೆ ಎಳೆದಾದ ಮೇಲೆ.

ಕೇಳಿದ್ದರಿಂದ ಏನಾದರೂ ಆಗುತ್ತಾ ಅನ್ನುವವರು ಸೇಂಟ್ ಪಾಲ್‌ನ ಯೂನಿವರ್ಸಿಟಿ ಅವೆನ್ಯೂ ನೋಡಬೇಕು. ಮಿನಿಯಾಪೊಲಿಸ್, ಪಕ್ಕದ ಸೇಂಟ್ ಪಾಲ್ ಎರಡೂ ಊರುಗಳ ನಡುವೆ ಆ ಬೀದಿಯಲ್ಲಿ ಹಾದು 11 ಮೈಲಿ ಓಡುವ ಇನ್ನೊಂದು ಲೈಟ್ ರೈಲು, ಗ್ರೀನ್ ಲೈನ್, 2014ರ ಜೂನ್‌ನಲ್ಲಿ ಶುರುವಾಯಿತು. ಮೊದಲ ಯೋಜನೆಯಲ್ಲಿ ಸೇಂಟ್ ಪಾಲ್‌ನ ಬಡವರ ಬೀದಿಗಳು ಬಂದಾಗ ನಿಲ್ದಾಣಗಳು ಮೈಲಿಗೊಂದರಂತೆ ದೂರವಾಗಿಬಿಟ್ಟಿದ್ದವು. ಕಪ್ಪು ಜನ, ಹ್ಮಾಂಗ್ ಜನ, ಹೊಸದಾಗಿ ಬಂದ ಆಫ್ರಿಕಾದವರು ಇರುವ ಕಡೆ ರೈಲು ಸುಮ್ಮನೆ ಹಾದುಹೋಗುವ ಹಾಗಿತ್ತು. ಕಾರಣ ಕೇಳಿದರೆ ಲೆಕ್ಕ ತೋರಿಸುತ್ತಿದ್ದರು. ಎಷ್ಟು ಖರ್ಚಿಗೆ ಎಷ್ಟು ನಿಮಿಷ ಉಳಿಯುತ್ತೆ ಅನ್ನುವ ಸೂತ್ರದ ಮೇಲೆ ವಾಷಿಂಗ್ಟನ್‌ನಿಂದ ದುಡ್ಡು ಬರುತ್ತಿತ್ತು. ನಿಲ್ದಾಣ ಹೆಚ್ಚಿದರೆ ರೈಲು ನಿಧಾನ, ರೈಲು ನಿಧಾನವಾದರೆ ಅಂಕ ಕಡಿಮೆ. ಆ ಬೀದಿಯ ಎಷ್ಟೋ ಜನಕ್ಕೆ ಕಾರಿಲ್ಲ, ಮಿನ್ನೆಸೋಟದ ಚಳಿಯಲ್ಲಿ ಅರ್ಧ ಮೈಲಿ ನಡೆಯುವುದು ಅಂದರೆ ಏನು ಅನ್ನುವುದಕ್ಕೆ ಸೂತ್ರದಲ್ಲಿ ಜಾಗವಿರಲಿಲ್ಲ.

ಅವರಿಗೆ ಹಳೆಯ ಗಾಯವೂ ಇತ್ತು. ಅದೇ ಬೀದಿಯ ದಕ್ಷಿಣಕ್ಕೆ ರೊಂಡೊ ಅಂತ ಕಪ್ಪು ಜನರ ಕೇರಿ. 1950-60ರ ದಶಕದಲ್ಲಿ ಐ-94 ಹೆದ್ದಾರಿಯನ್ನು ಅದರ ಎದೆ ಮೇಲೇ ಎಳೆದರು, ನೂರಾರು ಮನೆ ಹೋದವು. ಆ ನೆನಪಿರುವ ಮುದುಕರು ಈ ಸಲ ಸುಮ್ಮನೆ ಕೂರಲಿಲ್ಲ. ಸಂಘಗಳೆಲ್ಲ ಒಟ್ಟಾಗಿ ಹಠ ಹಿಡಿದವು, 2010ರಲ್ಲಿ ಒಕ್ಕೂಟ ಸರ್ಕಾರ ಆ ಸೂತ್ರವನ್ನೇ ಸಡಿಲಿಸಿತು, ಹ್ಯಾಮ್ಲಿನ್, ವಿಕ್ಟೋರಿಯಾ, ವೆಸ್ಟರ್ನ್ ಅಂತ ಮೂರು ನಿಲ್ದಾಣ ಸೇರಿದವು. ನಾನು ವೆಸ್ಟರ್ನ್‌ನಲ್ಲಿ ಇಳಿದಾಗಲೆಲ್ಲ, ಇದು ಬಾಯಿಬಿಟ್ಟು ಕೇಳಿದ್ದಕ್ಕೆ ಬಂದ ನಿಲ್ದಾಣ ಅಂದುಕೊಳ್ಳುತ್ತೇನೆ. ಇಳಿದವರಲ್ಲಿ ಹೆಚ್ಚಿನವರ ಕೈಯಲ್ಲಿ ದಿನಸಿ ಚೀಲ ಇರುತ್ತದೆ.

ನಮ್ಮ ಕಡೆಯ ಲೈನಿನದೂ ಇಂಥದೇ ಕಥೆ. ಬ್ರೂಕ್ಲಿನ್ ಪಾರ್ಕ್‌ನಲ್ಲಿ ಲೈಬೀರಿಯಾದವರು ಬಹಳ. ರೈಲು ಬಂದರೆ ಬಾಡಿಗೆ ಏರುತ್ತೆ, ಬಾಡಿಗೆ ಏರಿದರೆ ನಾವೇ ಇರಲ್ಲ, ಆಮೇಲೆ ಯಾರಿಗೆ ರೈಲು ಅನ್ನುವುದು ಅವರ ಪ್ರಶ್ನೆ. ಈ ಪ್ರಶ್ನೆಯನ್ನು ಕಡತಕ್ಕೆ ಹಾಕಿ ಮುಚ್ಚಲಿಲ್ಲ. ಹಳಿ ಹಾಕುವ ಮೊದಲೇ ಜನ ಎತ್ತಂಗಡಿ ಆಗದಂತೆ ತಡೆಯೋಕೆ ರಾಜ್ಯದ ಶಾಸನಸಭೆ 2023ರಲ್ಲಿ 1 ಕೋಟಿ ಡಾಲರ್ ತೆಗೆದಿಟ್ಟಿತು. ದೊಡ್ಡಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ, ಮನೆ ಒಡೆಯೋಕೆ ಮುಂಚೆ ದುಡ್ಡಾ ಅಂತ ಎರಡು ಸಲ ಕೇಳಿದರು.

ಇಷ್ಟು ಬರೆದ ಮೇಲೆ ಒಪ್ಪಿಕೊಳ್ಳಬೇಕಾದ್ದೂ ಇದೆ. ಗ್ರೀನ್ ಲೈನಿಗಾಗಿ ರಸ್ತೆ ಅಗೆದಾಗ ಅಂಗಡಿಯವರು ಗಿರಾಕಿಗಳಿಲ್ಲದೆ ಒದ್ದಾಡಿದರು. ಕೋರ್ಟಿಗೂ ಹೋಯಿತು. ಅಂಗಡಿಯವರ ನಷ್ಟವನ್ನು ಸರಿಯಾಗಿ ಲೆಕ್ಕ ಹಾಕಿಲ್ಲ ಅಂತ 2011ರಲ್ಲಿ ನ್ಯಾಯಾಧೀಶರು ಹೇಳಿದರು, ಆದರೆ ಕೆಲಸ ನಿಲ್ಲಿಸಲಿಲ್ಲ. ಕೇಳುವುದು ಬೇರೆ, ಕೊಡುವುದು ಬೇರೆ. ಇನ್ನು ಆ ಮೇಜಿನ ಮೇಲಿನ ಕರಪತ್ರಗಳನ್ನು ಇವರ ಒಳ್ಳೆಯ ಗುಣ ಅಂದುಕೊಂಡಿದ್ದು ನನ್ನ ದಡ್ಡತನ. ಒಕ್ಕೂಟ ಸರ್ಕಾರದ ದುಡ್ಡು ಬೇಕಿದ್ದರೆ ಇಂಗ್ಲಿಷ್ ಬಾರದವರನ್ನೂ ತಲುಪಬೇಕು ಅಂತ 2000ನೇ ಇಸವಿಯಲ್ಲಿ ಅಧ್ಯಕ್ಷರ ಆದೇಶವಿತ್ತು. 2025ರ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿದರು. ಮುಂದಿನ ರೈಲಿಗೆ ಕರಪತ್ರ ಎಷ್ಟು ಭಾಷೆಯಲ್ಲಿ ಬರುತ್ತೋ ನೋಡಬೇಕು. ಭಾರತದಲ್ಲಿ ಕಾನೂನೇ ಇಲ್ಲ ಅನ್ನುವಂತೆಯೂ ಇಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ, ಸಾರ್ವಜನಿಕ ವಿಚಾರಣೆ, ಸ್ಥಳೀಯ ಭಾಷೆಯಲ್ಲಿ ವರದಿ ಎಲ್ಲ ಇದೆ. ಸ್ಥಳೀಯ ಭಾಷೆ ಅಂದರೆ "ಸದರಿ" ಅಂತ ಅವರು ಅರ್ಥ ಮಾಡಿಕೊಂಡಿರಬೇಕು.

ಹೇಳೋಕೆ ಮನಸ್ಸಿಲ್ಲದ್ದು ಇನ್ನೊಂದು. ಬೆಂಗಳೂರಿನಲ್ಲಿ ಮೆಟ್ರೊ ಮೊದಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗವೂ ಬಂತು. ನಮ್ಮ ಬ್ಲೂ ಲೈನ್ ವಿಸ್ತರಣೆ? ಹತ್ತು ವರ್ಷಕ್ಕೂ ಮೀರಿ ಮಾತೇ ನಡೆದಿದೆ. ಸರಕು ರೈಲಿನ ಕಂಪನಿ ಜತೆ ಒಪ್ಪಂದ ಕುದುರದೆ 2020ರಲ್ಲಿ ಹಳೆಯ ಮಾರ್ಗವನ್ನೇ ಕೈಬಿಟ್ಟರು, ಮತ್ತೆ ಮೊದಲಿನಿಂದ ನಕ್ಷೆ, ಮತ್ತೆ ಸಭೆ, ಮತ್ತೆ ಸ್ಟಿಕ್ಕರ್. ಆವತ್ತು ನನ್ನ ಪಕ್ಕ ನಿಂತಿದ್ದ ಲೈಬೀರಿಯಾದ ಹಿರಿಯರೊಬ್ಬರು ಸ್ಟಿಕ್ಕರ್ ಬೇಡ ಅಂದುಬಿಟ್ಟರು. ಇಂಥವು ನಾಲ್ಕು ಸಲ ಅಂಟಿಸಿದ್ದೇನೆ, ಅವೆಲ್ಲ ಎಲ್ಲಿ ಹೋದವು ಅಂತ ಕೇಳಿದರು. ಹುಡುಗಿ ಬರೆದುಕೊಂಡಳು.

ಆ ಭಾನುವಾರ ದೊಡ್ಡಮ್ಮನಿಗೆ ಎಲ್ಲ ವಿವರಿಸಿದೆ. ಸಮಾಧಾನವಾಗಿ ಕೇಳಿಸಿಕೊಂಡರು.

"ಅಷ್ಟೆಲ್ಲ ಕೇಳಿದ್ರಲ್ಲ, ರೈಲು ಬಂತಾ?"

"2030ಕ್ಕೆ ಅಂತಾರೆ ದೊಡ್ಡಮ್ಮ."

"ಇಲ್ಲಿ ಬಸ್ಸು ಓಡಾಡೋಕೆ ಶುರುವಾಗಿ ಎರಡು ವರ್ಷ ಆಯ್ತು ಕಣೋ" ಅಂದರು. ಆಮೇಲೆ ಸ್ವಲ್ಪ ತಡೆದು, "ಜಗಲಿ ಒಡೆದ ಕಡೆ ಇನ್ನೂ ಮೆಟ್ಟಿಲು ಕಟ್ಟಿಸಿಲ್ಲ. ಬಾಗಿಲು ದಾಟಿದರೆ ಚರಂಡಿ. ಊರಿಗೆ ಬಂದಾಗ ನೋಡ್ಕೊಂಡು ಇಳಿ."